ಕುಂಕುಮ ಕೆರೆದ ಗಾಲಿ

ಆಗ ನನಗೆ ಐವತ್ತೊಂಬತ್ತು. ಆರು ವರ್ಷದ ಹಿಂದಿನ ಮಾತು. ವಯಸ್ಸು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಮುದುಕಿಗೆ ತಲೆ ಕೆಟ್ಟಿತ್ತು ಎಂದರು. ತಲೆ ಕೆಟ್ಟಿರಲಿಲ್ಲ. ಸಿಟ್ಟು ಬಂದಿತ್ತು. ಇವೆರಡೂ ಬೇರೆ ಬೇರೆ.

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಠೇಕೇದಾರನ ಕೈಕೆಳಗೆ ನನ್ನದು ಸಫಾಯಿ ಕೆಲಸ. ಸೊಸೆಯೂ ಅಲ್ಲೇ. ನಮ್ಮೂರು ಆಡಕಿಯಿಂದ ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಹೋಗಿ ಒಂದೇ ಟಂಟಂನಲ್ಲಿ ಬರುತ್ತಿದ್ದೆವು. ಗೇಟು ದಾಟಿದ ಮೇಲೆ ನಾನು ಅಂಗಳ ಗುಡಿಸುವುದಕ್ಕೆ, ಅವಳು ಕಿಲನ್ ಹತ್ತಿರ.

ಕಿಲನ್ ಅಂದರೆ ಸಿಮೆಂಟಿನ ಕಲ್ಲು ಸುಡುವ ಭಟ್ಟಿ. ಒಂದು ಓಣಿಯಷ್ಟು ಉದ್ದದ ಉಕ್ಕಿನ ಕೊಳವೆ. ಒಳಗೆ ಬೆಂಕಿ. ಅಡ್ಡ ಮಲಗಿಕೊಂಡು ಹಗಲೂ ರಾತ್ರಿ ತಿರುಗುತ್ತದೆ. ಅದರ ಭಾರವನ್ನೆಲ್ಲ ಹೊರುವುದು ಕೆಳಗಿನ ಉಕ್ಕಿನ ಗಾಲಿಗಳು. ಸಾಹೇಬರು ರೋಲರ್ ಅನ್ನುತ್ತಾರೆ, ನಾವು ಗಾಲಿ ಅನ್ನುತ್ತೇವೆ. ಆಳೆತ್ತರ ಇರುತ್ತವೆ, ಎರಕ ಹೊಯ್ದವು. ದಪ್ಪ ಕಾಂಕ್ರೀಟ್ ಕಂಬಗಳ ಮೇಲೆ ಜೋಡಿ ಜೋಡಿಯಾಗಿ ಕೂತಿರುತ್ತವೆ. ಎರಡನೆಯ ಕಂಬದ ಮೇಲೆ ನನ್ನ ಸೊಸೆಯ ಕೆಲಸ. ಸೋರಿದ ಗ್ರೀಸು ಒರೆಸುವುದು, ಬಿದ್ದ ದೂಳು ಬಳಿಯುವುದು. ಗಾಲಿಗೂ ಅವಳಿಗೂ ನಡುವೆ ಒಂದು ತಂತಿಯ ಜಾಲಿ. ಗಾಲಿ ಒಡೆದರೆ ಜಾಲಿ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ.

ಆ ವರ್ಷ ದಸರೆ ಮುಗಿದ ಮೇಲೆ ಆ ಕಂಬ ನಡುಗಲು ಶುರುವಾಯಿತು. ಸೊಸೆ ಮನೆಗೆ ಬಂದು ಕಾಲು ತಿಕ್ಕಿಕೊಳ್ಳುತ್ತ ಹೇಳಿದಳು: "ಅತ್ತಿ, ಅಲ್ಲಿ ನಿಂತ್ರ ಅಂಗಾಲಿಗೆ ಗುಂಯ್ ಅಂತದ. ಜೇನು ಹುಟ್ಟಿನ ಮ್ಯಾಲ ನಿಂತಂಗ."

"ಸಾಹೇಬ್ರಿಗೆ ಹೇಳಿದಿ?"

"ಹೇಳೀನಿ. ಚಪ್ಪಲ್ ಹೊಸಾವು ತಗೋ ಅಂದ್ರು."

ಆದರೆ ಅವಳೊಬ್ಬಳೇ ಹೇಳಲಿಲ್ಲ, ಕಿಲನ್ ಆಪರೇಟರೂ ಹೇಳಿದ. ಒಳಗಿನ ಇಟ್ಟಿಗೆ ಬದಲಿಸಲು ಕಿಲನ್ ನಿಲ್ಲಿಸುವ ದಿನ ಹೇಗೂ ಹತ್ತಿರ ಬಂದಿತ್ತು. ಬೆಂಕಿ ಆರಿಸಿ ಗಾಲಿ ತಣ್ಣಗಾದ ಮೇಲೆ ಮೆಕ್ಯಾನಿಕಲ್ ಸಾಹೇಬರು ಟೆಸ್ಟಿಂಗ್‌ನವರನ್ನು ಕರೆಸಿದರು.

ಬಂದವಳು ಶಹಾಬಾದದ ಹೆಣ್ಣುಮಗಳು. ಮೂವತ್ತರ ಆಸುಪಾಸು. ಓಢಣಿ ತಲೆಗೆ ಬಿಗಿದು ಅದರ ಮೇಲೆ ಹೆಲ್ಮೆಟ್ ಇಟ್ಟುಕೊಂಡಿದ್ದಳು. ಒಂದು ಪೆಟ್ಟಿಗೆ, ಒಂದು ಲ್ಯಾಪ್‌ಟಾಪ್, ಬೆರಳುದ್ದದ ನಾಲ್ಕಾರು ಉಕ್ಕಿನ ಗುಂಡಿಗಳು. ಎಲ್ಲರೂ ಟೆಸ್ಟಿಂಗ್ ಮೇಡಂ ಅಂದೆವು. ನಾನು ಭಾರ ಹೊರಲು ಆಗದವಳು ಅಂತ ಠೇಕೇದಾರ ನನ್ನನ್ನು ಅವಳ ಕೈಕೆಲಸಕ್ಕೆ ಕೊಟ್ಟ.

ನಾನು ಹಿಂದೆ ಶಹಾಬಾದ್ ಕಡೆಯ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿದವಳು. ಅಲ್ಲಿ ಹಾಸುಗಲ್ಲಿಗೆ ಸುತ್ತಿಗೆಯಿಂದ ಬಡಿದು ದನಿ ಕೇಳಿಯೇ ಒಡಕು ಹೇಳುವುದು. ಅದೇ ಸೊಕ್ಕಿನಲ್ಲಿ ಅಂದೆ: "ಇಷ್ಟು ದೊಡ್ಡ ಪೆಟಿಗಿ ಯಾಕ್ರಿ ಮೇಡಂ? ಬಡದ್ರ ಗೊತ್ತಾಗ್ತದ." ಸುತ್ತಿಗೆ ತೆಗೆದುಕೊಂಡು ಬಡಿದೆ. ಗಾಲಿ ಗಟ್ಟಿಯಾಗಿ ನುಡಿಯಿತು. "ನೋಡ್ರಿ, ಏನೂ ಆಗಿಲ್ಲ."

ಅವಳು ನಕ್ಕಳು. "ಆಯಿ, ಫರ್ಸಿ ನಾಕ್ ಬೆರಳು ದಪ್ಪ. ಇದು ನಿನ್ನ ಎರಡೂ ಕೈ ಚಾಚಿದ್ರೂ ಮುಗಿಯಲ್ಲ. ನಿನ್ನ ಬಡತ ಮ್ಯಾಲಿನ ತೊಗಲಿಗಷ್ಟೇ."

ಅವಳು ಹೇಳಿದ್ದು ಖರೆ. ನನ್ನ ಕಿವಿ ಅವತ್ತು ಸುಳ್ಳಾಗಿತ್ತು. ಅದು ಆಮೇಲೆ ಗೊತ್ತಾಯಿತು.

ಅವಳ ಕೆಲಸ ಹೀಗೆ. ಗುಂಡಿಯನ್ನು ಗಾಲಿಯ ಮುಖಕ್ಕೆ ಒತ್ತಿ ಹಿಡಿದರೆ ಅದು ಉಕ್ಕಿನೊಳಕ್ಕೆ ದನಿ ಬಿಡುತ್ತದೆ. ನಮ್ಮ ಕಿವಿಗೆ ಕೇಳದಷ್ಟು ಸಣ್ಣ ದನಿ. ಅದು ಆಚೆ ಕಡೆಗೆ ಹೋಗಿ ಬಡಿದು ವಾಪಸು ಬರುತ್ತದೆ. ನಡುವೆ ಸೀಳು ಇದ್ದರೆ ಅಲ್ಲಿಂದಲೇ ವಾಪಸು. ಬಂದದ್ದು ಲ್ಯಾಪ್‌ಟಾಪಿನಲ್ಲಿ ಮೊನೆಯಾಗಿ ಏಳುತ್ತದೆ. ಗುಂಡಿಗೂ ಉಕ್ಕಿಗೂ ನಡುವೆ ಗಾಳಿ ಇರಬಾರದು, ಇದ್ದರೆ ದನಿ ಒಳಗೇ ಹೋಗುವುದಿಲ್ಲ. ಅದಕ್ಕೆ ಅವಳು ತಂದ ಪುಡಿಯನ್ನು ನೀರಿನಲ್ಲಿ ಕಲಸಿ ಗಂಜಿ ಮಾಡಿ ಬಳಿಯುವುದು ನನ್ನ ಕೆಲಸ. ನಮ್ಮ ಹೆಣ್ಣಾಳುಗಳು ಕೆಳಗಿನಿಂದ ಕೂಗಿದರು: "ಏ ಮುದುಕಿ, ಗಾಲಿಗೆ ಜಡ್ಡೇನು? ಗಂಜಿ ಕುಡಸ್ಲಿಕತ್ತಿ!"

ಗಂಜಿಗಿಂತ ಮೊದಲು ಬಣ್ಣ ತೆಗೆಯಬೇಕಿತ್ತು. ಇಲ್ಲಿಂದ ತಕರಾರು ಶುರು.

ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಗಾಲಿಗಳ ಮುಖಕ್ಕೆ ಬೆಳ್ಳಿ ಬಣ್ಣ ಬಳಿಸುತ್ತಾರೆ. ಹಳೆಯದನ್ನು ಕೆರೆಯುವುದಿಲ್ಲ, ದೂಳನ್ನೂ ಒರೆಸುವುದಿಲ್ಲ. ಅದರ ಮೇಲೆ ವಿಭೂತಿಯ ಪಟ್ಟೆ, ನಡುವೆ ಅಂಗೈಯಗಲ ಕುಂಕುಮ, ಅದು ಉದುರದಿರಲೆಂದು ಮೇಲೆ ಕೆಂಪು ಬಣ್ಣದಿಂದ ಇನ್ನೊಂದು ಸುತ್ತು. ಹಿಂದಿನ ವರ್ಷದ ದೇವರನ್ನು ಅಳಿಸಬಾರದಂತೆ. ಹೀಗೆ ವರ್ಷದ ಮೇಲೆ ವರ್ಷ. ಡಬ್ಬಿ ಹಿಡಿದು ಬಳಿಯುವವರು ನಾವೇ. ಆರತಿಯ ಹೊತ್ತಿಗೆ ಮಾತ್ರ ನಾನೂ ಸೊಸೆಯೂ ಹಿಂದೆ ನಿಲ್ಲಬೇಕು. ನಾವು ಬುದ್ಧನ ಮಂದಿ. ಬಳಿಯುವುದಕ್ಕೆ ಬೇಕು, ಬೆಳಗುವುದಕ್ಕೆ ಬೇಡ.

ಮೆಕ್ಯಾನಿಕಲ್ ಸಾಹೇಬರು ಭಕ್ತಿಯ ಮನುಷ್ಯ. ದಿನಾ ಬೆಳಿಗ್ಗೆ ಗಾಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು. ಅವರು ಹೇಳಿದರು: "ಕೆಳಗ ಒಂದು ಪಟ್ಟಿ ಕೆರ್ಕೋರಿ. ಪೂಜಿ ಮಾಡಿದ್ದು ಮುಟ್ಟಬ್ಯಾಡ್ರಿ."

ಪಟ್ಟಿಯಷ್ಟು ಕೆರೆದೆ. ಬಣ್ಣ ಹಪ್ಪಳದಂತೆ ಎದ್ದು ಬಂತು. ಬೆಳ್ಳಿಯ ಕೆಳಗೆ ದೂಳು, ದೂಳಿನ ಕೆಳಗೆ ಕೆಂಪು, ಅದರ ಕೆಳಗೆ ಮತ್ತೆ ಬೆಳ್ಳಿ. ಮೇಡಂ ಒಂದು ತುಂಡು ಎತ್ತಿ ಬದಿಯಿಂದ ನೋಡಿದಳು. "ಆಯಿ, ಇದು ಬಣ್ಣ ಅಲ್ಲ, ಪದರ ಪದರದ ಖಾರಿ ಬಿಸ್ಕೀಟ. ಹೋದ ಸಲ ಬಂದವರು ಇದರ ಮ್ಯಾಲೇ ಹಚ್ಚಿ ನೋಡ್ಯಾರೇನು?"

"ಹೌದ್ರಿ."

"ಏನಂದ್ರು?"

"ಬರೋಬರಿ ಅದ ಅಂದ್ರು. ಚಾ ಕುಡದು ಹೋದ್ರು."

ಅವಳು ತುಂಡನ್ನು ಕೆಳಗೆ ಹಾಕಿ ಕಾಲಿನಿಂದ ತಿಕ್ಕಿದಳು.

ಕೆರೆದ ಪಟ್ಟಿಯ ಮೇಲೆ ಗುಂಡಿ ಇಟ್ಟಾಗ ಲ್ಯಾಪ್‌ಟಾಪ್ ತುಂಬ ಹುಲ್ಲು. ಅವಳು ಅದಕ್ಕೆ ಹುಲ್ಲು ಅಂತಲೇ ಅಂದಳು. ಒತ್ತೊತ್ತಾಗಿ ಸಣ್ಣ ಮೊನೆಗಳು, ತಳದಿಂದ ತುದಿಯವರೆಗೆ. ಎರಕದ ಉಕ್ಕಿನ ಒಳಗೆ ಕಾಳು ಕಾಳು ಇರುತ್ತದಂತೆ, ದೊಡ್ಡ ಕಾಳು. ದನಿ ಹೋಗುವಾಗ ಪ್ರತಿ ಕಾಳೂ ಒಂದಿಷ್ಟು ದನಿಯನ್ನು ವಾಪಸು ತಳ್ಳುತ್ತದೆ. ಆ ಗದ್ದಲದಲ್ಲಿ ಸೀಳಿನ ಮೊನೆ ಇದ್ದರೂ ಕಾಣುವುದಿಲ್ಲ. ಅದು ಸಾಲದು ಅಂತ ಹುಲ್ಲಿನ ನಡುವೆ ಉದ್ದುದ್ದ ಮುಳ್ಳು ಎದ್ದು ಎದ್ದು ಮಾಯವಾಗುತ್ತಿದ್ದವು. ಪಕ್ಕದ ಕಂಬದ ಮೇಲೆ ವೆಲ್ಡಿಂಗ್ ನಡೆದಿತ್ತು, ಅದರ ಕರೆಂಟಿನ ಕಿತಾಪತಿ.

ಸ್ವಲ್ಪ ಹೊತ್ತು ವೆಲ್ಡಿಂಗ್ ನಿಲ್ಲಿಸಿ ಎಂದಳು. ಸಾಹೇಬರು ಆಗುವುದಿಲ್ಲ ಎಂದರು. ಆಗ ಅವಳು ಗುಂಡಿಯನ್ನು ಒಂದೇ ಜಾಗದಲ್ಲಿ ಅಲುಗಾಡದಂತೆ ಹಿಡಿದು, ಬಂದ ದನಿಯನ್ನು ಮತ್ತೆ ಮತ್ತೆ ಹಿಡಿದು ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದಳು. ವೆಲ್ಡಿಂಗಿನ ಮುಳ್ಳು ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ. ಕೂಡಿಸಿದರೆ ಕರಗಿ ಹೋಗುತ್ತದೆ. ಕರಗಿತು. ಹುಲ್ಲು ಮಾತ್ರ ಒಂದು ಎಳೆಯೂ ಅಲುಗಲಿಲ್ಲ. ಕಾಳು ಎಲ್ಲಿಗೆ ಹೋಗುತ್ತದೆ? ಇದ್ದಲ್ಲೇ ಇರುತ್ತದೆ. ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಸಾಹೇಬರು ಬಂದು ಬಗ್ಗಿ ನೋಡಿದರು. "ಮೇಡಂ, ಎರಕದಾಗ ಇದು ಇರೋದೇ. ನಾಯ್ಸ್ ಅಂತ ಬರೀರಿ, ಮುಗೀತು."

"ಬರೀಲಿಕ್ಕೆ ನನಗೂ ಆಸೆ ಅದ ಸರ್. ನಾಯ್ಸಿನ ಹಿಂದ ಏನದ ಅಂತ ಗೊತ್ತಿಲ್ದ ಬರದ್ರ, ಅದು ರಿಪೋರ್ಟ್ ಅಲ್ಲ, ಕಣ್ಣು ಮುಚ್ಕೊಂಡಂಗ."

"ನಿಮ್ಮ ಕಣ್ಣು ತೆರಿಯೋತನಕ ಕಿಲನ್ ನಿಂದರ್ತದೇನು?"

ಅವರು ಹೋದ ಮೇಲೆ ನಾನು ಕೇಳಿದೆ. ಮುಂದೇನು ಮಾಡುತ್ತೀರಿ? ಅವಳು ಗಂಜಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೇಳಿದಳು: "ಆಯಿ, ಈಗ ನಾ ದಪ್ಪ ದನಿಲೆ ಕರೀತೀನಿ, ಸಣ್ಣ ದನಿಲೆ ಕರೀತೀನಿ, ನಡುವಿನ ದನಿಲೆನೂ ಕರೀತೀನಿ. ಕಾಳಿನ ಹುಲ್ಲು ದನಿ ದನಿಗೆ ಬ್ಯಾರೆ ಥರ ಕುಣೀತದ. ಸೀಳು ಇದ್ರ ಅದು ಕುಣಿಯಲ್ಲ. ಯಾವ ದನಿಲೆ ಕರದ್ರೂ ಅಲ್ಲೇ ನಿಂತು ಓ ಅಂತದ."

ಹಾಗೆ ಕರೆದು, ಬಂದ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಇಟ್ಟು, ಒಂದೊಂದು ಆಳದಲ್ಲೂ ಎಲ್ಲದಕ್ಕಿಂತ ಗಿಡ್ಡದನ್ನು ಮಾತ್ರ ಉಳಿಸಿಕೊಂಡಳು. ಒಂದು ದನಿಯಲ್ಲಿ ಎದ್ದು ಇನ್ನೊಂದರಲ್ಲಿ ಬಿದ್ದದ್ದು ಹುಲ್ಲು, ಅದು ಬಿತ್ತು. ಎಲ್ಲ ದನಿಯಲ್ಲೂ ಎದ್ದೇ ಇದ್ದದ್ದು ಉಳಿಯಿತು. ಎರಡು ಮೊನೆ ಉಳಿದವು. ಒಂದು ಅಂಚಿನ ಹತ್ತಿರದ ಆಳದಲ್ಲಿ, ಒಂದು ನಡುವೆ.

ನಾನು ಬೆರಳು ತೋರಿಸಿ ಅಂದೆ: ಎರಡು ಸೀಳು.

"ಇನ್ನೂ ಹೇಳಬ್ಯಾಡ. ಮೊದಲು ನನ್ನ ಲೆಕ್ಕಾನೇ ಪರೀಕ್ಷಾ ಮಾಡಬೇಕು," ಎಂದಳು.

ಗುಜರಿ ಅಂಗಳದಲ್ಲಿ ಇದೇ ಎರಕದ ಒಂದು ಸವೆದ ಗಾಲಿ ಬಿದ್ದಿತ್ತು. ಅದಕ್ಕೆ ಆಚೆ ಮುಖದಿಂದ ಒಂದು ತೂತು ಕೊರೆಸಿ, ಈಚೆ ಮುಖದಿಂದ ಅದೇ ಲೆಕ್ಕದಲ್ಲಿ ನೋಡಿದಳು. ತೂತು ಕಂಡಿತು. ಅದರ ಜತೆಗೆ ಇನ್ನೊಂದು ಮೊನೆಯೂ ಕಂಡಿತು. ಅಲ್ಲಿ ಏನೂ ಕೊರೆದಿರಲಿಲ್ಲ. ಗಾಲಿ ಬಯಲಲ್ಲಿ ಬಿದ್ದಿತ್ತಲ್ಲ, ಆಚೆ ಮುಖದಿಂದಲೂ ನೋಡಿದಳು. ಆ ಎರಡನೆಯದು ಇಲ್ಲವೇ ಇಲ್ಲ. ಅಂದರೆ ಲೆಕ್ಕ ಇಲ್ಲದ್ದನ್ನೂ ತೋರಿಸುತ್ತಿತ್ತು.

ಸಾಹೇಬರು ಅಲ್ಲೇ ನಿಂತಿದ್ದರು. ನಕ್ಕರು. ಜೋರಾಗಿ ಅಲ್ಲ, ಮೂಗಿನಲ್ಲಿ. "ಮೇಡಂ, ನಿಮ್ಮ ಲ್ಯಾಪ್‌ಟಾಪ್‌ಗೆ ಎಲ್ಲಾ ಕಡೆ ಸೀಳೇ ಕಾಣ್ತಾವ. ನಾಳಿ ಮಧ್ಯಾಹ್ನ ಬೆಂಕಿ ಹಚ್ತೀವಿ." ಹೋಗಿಬಿಟ್ಟರು.

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಅವಳ ಮೇಲೆ. ತಿರುಗಿ ತಿರುಗಿ ಗಂಜಿ ಕಲಸಿದ್ದು ನಾನು. ಮೊಣಕಾಲ ಮೇಲೆ ಕೂತು ಕೆರೆದದ್ದು ನಾನು. "ನಿಮ್ಮ ಪೆಟಿಗಿ ಸುಳ್ಳು ಹೇಳಿದ್ರ ನನ್ನ ಸೊಸಿ ಎಲ್ಲಿ ನಿಂದರಬೇಕ್ರಿ? ಅದನರ ಹೇಳ್ರಿ."

"ಪೆಟಿಗಿ ಸುಳ್ಳು ಹೇಳಿಲ್ಲ. ತಪ್ಪು ನಂದು." ಅವಳ ಮುಖ ಕೆಂಪಗಾಗಿತ್ತು, ಆದರೆ ದನಿ ಇಳಿಸಲಿಲ್ಲ. "ನಾ ಆರಿಸಿದ ದನಿ ಒಂದರ ಪಕ್ಕ ಒಂದು ಇದ್ದವು. ಭಾಳ ಹತ್ರ. ಹತ್ರದ ದನಿಗೆ ಕಾಳು ಒಂದೇ ಥರ ಕುಣೀತಾವ. ಕುಣಿದ್ದು ನಿಂತಂಗ ಕಾಣ್ತು. ದೂರ ದೂರದ ದನಿ ತಗೋಬೇಕು. ಮತ್ತ ಒಂದೇ ಪಟ್ಟಿಯಿಂದ ಆಗಲ್ಲ. ಗುಂಡಿ ಸರಿಸಿ ಸರಿಸಿ ಇಡೀ ಮುಖದಿಂದ ಕೇಳಬೇಕು. ಸೀಳು ಇದ್ರ ಎಲ್ಲಾ ಜಾಗದಿಂದ ಒಂದೇ ಕಡೆ ತೋರಸ್ತದ. ಸುಳ್ಳು ಜಾಗ ಬದಲಿಸಿದ್ರ ಹೋಗ್ತದ."

"ಇಡೀ ಮುಖ ಅಂದ್ರ?"

ಅವಳು ಕುಂಕುಮದ ಕಡೆ ನೋಡಿದಳು.

ಸಾಹೇಬರ ಹತ್ತಿರ ಹೋಗಿ ಕೇಳಿದಳು. ನಾನೂ ಹಿಂದೆ ಹೋಗಿ ನಿಂತೆ. ಸಾಹೇಬರು ಪೇಪರಿನಿಂದ ತಲೆ ಎತ್ತದೆ ಅಂದರು: "ಪೂಜಿ ಮಾಡಿದ ಜಾಗ. ಕೆರೀರಿ ಅಂತ ನಾ ಹೇಳಲ್ಲ. ಬ್ಯಾಡ ಅಂತನೂ ಹೇಳಲ್ಲ. ನಾಳಿ ಮಧ್ಯಾಹ್ನದ ಒಳಗ ಏನಾದ್ರೂ ತೋರಿಸಿದ್ರ ನೋಡೋಣ."

ಇದು ಎಂಥ ಮಾತು? ಹೇಳುವುದೂ ಇಲ್ಲ, ಬಿಡುವುದೂ ಇಲ್ಲ. ನಾಳೆ ಏನಾದರೂ ಆದರೆ ತಮ್ಮ ಕೈ ತೊಳೆದಿರಬೇಕು, ಅಷ್ಟೇ.

ಠೇಕೇದಾರ ಹೆಣ್ಣಾಳುಗಳನ್ನು ಕೇಳಿದ. ಒಬ್ಬಳೂ ಮುಂದೆ ಬರಲಿಲ್ಲ. "ಬಾಲಬಚ್ಚಿ ಇದ್ದಾಕಿ ಅಣ್ಣಾ ನಾ, ಆಗಲ್ಲ," ಎಂದಳು ಒಬ್ಬಳು. "ಗಾಲಿ ಸಿಟ್ಟಿಗೆದ್ರ?" ಎಂದಳು ಇನ್ನೊಬ್ಬಳು. ಆಗ ಅವನು ನನ್ನ ಕಡೆ ತಿರುಗಿದ. ಬಹಳ ಸುಲಭವಾಗಿ ತಿರುಗಿದ.

"ನಿಮ್ಮ ಮಂದಿಗೆ ಕುಂಕುಮದ ಹಂಗಿಲ್ಲಲ್ಲ. ನೀನೇ ಕೆರಿ."

"ಖಂಡೇಪೂಜಿ ದಿನ ಹಿಂದ ನಿಂದರು ಅಂದಿದ್ದಿ. ಈಗ ಮುಂದ ಬಾ ಅಂತಿ."

"ಅದು ಬ್ಯಾರೆ, ಇದು ಬ್ಯಾರೆ."

"ಆಯ್ತು. ಇವರೆಲ್ಲಾರ ಮುಂದ ಹೇಳು, ನಾನೇ ಕೆರಿ ಅಂದೀನಿ ಅಂತ. ಜೋರಾಗಿ ಹೇಳು."

ಅವನು ಚಹಾದ ಕಿಟ್ಲಿ ಬಂತೇನು ಅಂತ ಗೇಟಿನ ಕಡೆ ನೋಡಿದ. ಹೇಳಲಿಲ್ಲ.

ನಾನು ಬಿಟ್ಟುಬಿಡಬಹುದಿತ್ತು. ಕೆರೆಯುವ ಉಳಿ ಅವನ ಕಾಲ ಹತ್ತಿರ ಎಸೆದು ಅಂಗಳ ಗುಡಿಸಲು ಹೋಗಬಹುದಿತ್ತು. ಹೊರಟೂ ಇದ್ದೆ. ಸೊಸೆ ಬಂದು ಸೆರಗು ಜಗ್ಗಿದಳು. "ಅತ್ತಿ, ಸುಮ್ಮ ಕುಂದ್ರು. ಕೆಲಸ ಹೋಗ್ತದ."

"ನಾಳಿ ಬೆಂಕಿ ಹಚ್ಚಿದ ಮ್ಯಾಲ ಆ ಕಂಬದ ಮ್ಯಾಲ ಮೊದಲ ಪಾಳಿ ಯಾರ್ದು?"

ಅವಳು ಜಗ್ಗಿದ ಸೆರಗು ಬಿಟ್ಟಳು.

"ಕೇಳ್ಲಿಕತ್ತೀನಿ. ಯಾರ್ದು?"

"ನಂದೇ."

"ಹಂಗಾರ ಬಾಯಿ ಮುಚ್ಚಿ ಕೆರದ ಪುಡಿಗೆ ಡಬ್ಬಿ ಹಿಡಿ."

ಅವಳು ಡಬ್ಬಿ ಹಿಡಿಯಲಿಲ್ಲ. ಎಲ್ಲರ ಜತೆ ಕೆಳಗೆ ಇಳಿದು ಹೋದಳು. ಅವಳಿಗೂ ಅವರ ನಡುವೆಯೇ ದಿನ ಕಳೆಯಬೇಕಲ್ಲ. ಆದರೂ ನನಗೆ ಉರಿಯಿತು.

ನಾನು ಕೆರೆದೆ. ಕುಂಕುಮದ ಮೇಲೆ ಉಳಿ ಇಟ್ಟಾಗ ಕೆಳಗಿನಿಂದ ಯಾರೋ "ಶಿವಶಿವಾ" ಎಂದರು. ನಾನು ಉಳಿ ಇನ್ನೂ ಒತ್ತಿದೆ. ಬಣ್ಣ, ದೂಳು, ಕುಂಕುಮ, ಗ್ರೀಸು ಎಲ್ಲ ಸೇರಿ ಒಣಗಿದ ಸಗಣಿಯಂತೆ ಗಟ್ಟಿಯಾಗಿತ್ತು. ಮೇಡಂ ಗ್ರೈಂಡರ್ ಹಿಡಿಯುತ್ತೇನೆ ಎಂದಳು, ನಾನೇ ಬೇಡವೆಂದೆ. ಶಹಾಬಾದದ ಮುಸಲ್ಮಾನರ ಹುಡುಗಿ ಕುಂಕುಮ ಕೆರೆದಳು ಅಂತ ಇನ್ನೊಂದು ಕತೆ ಯಾಕೆ? ಹೊತ್ತು ಮುಳುಗುವುದರೊಳಗೆ ಗಾಲಿಯ ಮುಖ ಬರಿದಾಯಿತು. ಮೊದಲ ಸಲ ಅದರ ಬಣ್ಣ ನೋಡಿದೆ. ಬೂದು.

ಮರುದಿನ ಬೆಳಿಗ್ಗೆ ಮೇಡಂ ಗಾಲಿಯ ಮುಖಕ್ಕೆಲ್ಲ ಸುಣ್ಣದ ಕಡ್ಡಿಯಿಂದ ಮನೆ ಮನೆ ಗೆರೆ ಎಳೆದಳು. ಒಂದೊಂದು ಮನೆಗೆ ನಾನು ಗಂಜಿ ಬಳಿಯುವುದು, ಅವಳು ಗುಂಡಿ ಇಡುವುದು. ಗಂಜಿಯಲ್ಲಿ ಗಂಟು ಉಳಿದರೆ ಬೈದಳು. ನಾನೂ ಬೈದೆ. ಮೊದಲು ದಪ್ಪ ದನಿಯ ಗುಂಡಿಯಿಂದ ಎಲ್ಲ ಮನೆ, ಆಮೇಲೆ ಸಣ್ಣ ದನಿಯ ಗುಂಡಿಯಿಂದ ಅವೇ ಮನೆ. ಈ ಸಲ ದನಿಗಳನ್ನು ದೂರ ದೂರ ಆರಿಸಿದ್ದಳು. ಅದು ಮುಗಿದ ಮೇಲೆ ಗುಜರಿ ಗಾಲಿಗೂ ಓಡಿ ಅದನ್ನೂ ಹೊಸ ಲೆಕ್ಕದಲ್ಲಿ ನೋಡಿದಳು. ತೂತು ಮಾತ್ರ ಕಂಡಿತು. ಹಿಂದಿನ ದಿನದ ಸುಳ್ಳು ಮೊನೆ ಇರಲಿಲ್ಲ.

ಆಮೇಲೆ ನಮ್ಮ ಗಾಲಿಯ ಚಿತ್ರ ತೆರೆದಳು. ಹುಲ್ಲು ಕುತ್ತಿಗೆ ಮುರಿದಂತೆ ಬಿದ್ದಿತ್ತು. ನಡುವಿನ ಮೊನೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋದರೆ ಮಾಯ. ಅದು ಸುಳ್ಳು. ಅಂಚಿನ ಹತ್ತಿರದ್ದು ಹೋಗಲಿಲ್ಲ. ಈ ಮನೆಯಿಂದ ನೋಡಿದರೂ ಅಲ್ಲೇ, ಪಕ್ಕದ ಮನೆಯಿಂದ ನೋಡಿದರೂ ಅಲ್ಲೇ. ಎಲ್ಲ ಮನೆಗಳನ್ನು ಜೋಡಿಸಿದರೆ ಕುಡಗೋಲಿನಂತೆ ಬಾಗಿದ ಗೆರೆ. ಅರ್ಧ ಗೆರೆ ಕುಂಕುಮ ಇದ್ದ ಜಾಗದ ಹಿಂದೆಯೇ ಹೋಗಿತ್ತು.

ಸಾಹೇಬರನ್ನು ಕರೆಸಿದಳು. ಅವರು ಬಹಳ ಹೊತ್ತು ನೋಡಿದರು. ಈ ಸಲ ಮೂಗಿನಲ್ಲಿ ನಗಲಿಲ್ಲ.

"ಖರೇ ಸೀಳೇನು?"

"ಸೀಳು ಖರೇ ಸರ್. ಎಷ್ಟು ಅಗಲ ಅಂತ ಕೇಳಿದ್ರ ಹೇಳ್ಲಿಕ್ಕೆ ಆಗಲ್ಲ. ಇಲ್ಲ ಅಂತ ನಾ ಬರೆಯಲ್ಲ. ಬೇಕಾದ್ರ ನೀವೇ ಬರದು ಸಹಿ ಮಾಡ್ರಿ."

ಅವರು ಗಾಲಿಯನ್ನು ಮುಟ್ಟಲು ಕೈ ಚಾಚಿದರು. ಬರಿ ಉಕ್ಕಿನ ಮೇಲೆ ಕೈ ಇಟ್ಟರು, ಕಣ್ಣಿಗೆ ಒತ್ತಿಕೊಳ್ಳಲಿಲ್ಲ. "ಬೆಂಕಿ ಬ್ಯಾಡ. ಗಾಲಿ ಬದಲಿ ಮಾಡ್ರಿ," ಎಂದರು. ಅಷ್ಟು ಹೇಳಿದ್ದನ್ನು ನಾನು ಇಲ್ಲ ಅನ್ನುವುದಿಲ್ಲ. ಹೇಳಿದರು.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಏರಿದ್ದೇ ಇಲ್ಲಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಣ್ಣಾಳುಗಳ ಸಾಲು ನನ್ನಿಂದ ಆಚೆ ಸರಿಯಿತು. ಬುತ್ತಿ ಬಿಚ್ಚುತ್ತ ಒಬ್ಬಳು ನನಗೆ ಕೇಳುವಂತೆಯೇ ಅಂದಳು: "ನಿನ್ನಿ ಕುಂಕುಮ ಕೆರದಾರ, ಇವತ್ತು ಗಾಲಿ ಸೀಳೇದ. ಇನ್ನೇನು ಬೇಕು?" ಸಂಜೆಯಾಗುವುದರಲ್ಲಿ ಅದು ಇಡೀ ಕಾರ್ಖಾನೆಯ ಮಾತಾಯಿತು. ಟಂಟಂ ಓಡಿಸುವವನೂ ಕೇಳಿದ: "ಏನಾಯಿ, ಗಾಲಿ ಒಡದೀಯಂತ?" ನಾನು ಠೇಕೇದಾರನ ಹತ್ತಿರ ಹೋದೆ. ಕೆರಿ ಅಂದವನು ನೀನು, ಹೇಳು ಎಂದೆ.

"ನಾ ಎಲ್ಲಿ ಅಂದೀನಿ? ಮಂದಿ ಇಲ್ಲ, ನಿಮಗ ಹಂಗಿಲ್ಲ ಅಂದೆ. ಕೆರದಾಕಿ ನೀನು."

ಸಾಹೇಬರ ಹತ್ತಿರ ಹೋದರೆ ಅವರದೂ ಅದೇ ಕೈ ತೊಳೆದ ಮಾತು: ನಾನು ಹೇಳಿರಲಿಲ್ಲ.

ಜ್ಯಾಕ್ ಕೊಟ್ಟು ಕಿಲನ್ ಎತ್ತಿ ಗಾಲಿಯನ್ನು ಹೊರಗೆ ಎಳೆದರು. ನಾನು ಪಟ್ಟು ಹಿಡಿದೆ. ಅದನ್ನು ಕೊಯ್ದು ನೋಡಿ, ನನ್ನ ಕಣ್ಣ ಮುಂದೆ ನೋಡಿ ಎಂದೆ. ಮೇಡಂ ಕೂಡ ತನ್ನ ರಿಪೋರ್ಟಿಗೆ ಅದು ಬೇಕು ಎಂದಳು, ಅದಕ್ಕೇ ಒಪ್ಪಿದರು, ನನ್ನ ಮಾತಿಗಲ್ಲ. ವರ್ಕ್‌ಶಾಪಿನಲ್ಲಿ ಗ್ಯಾಸಿನಿಂದ ಅರ್ಧ ಕೊಯ್ದು, ಉಳಿದದ್ದನ್ನು ಜ್ಯಾಕಿನಿಂದ ಬಿರುಕು ಬಿಡಿಸಿದರು. ಕುಡಗೋಲಿನ ಗೆರೆ ಇದ್ದಲ್ಲೇ ಬಾಯಿ ತೆರೆಯಿತು. ಒಳಗೆ ಕಪ್ಪು. ಕಪ್ಪಿನ ಮೇಲೆ ಬಾವಿಯ ಕಬ್ಬಿಣಕ್ಕೆ ಹತ್ತಿದ ಹಾಗೆ ತುಕ್ಕು, ನಮ್ಮ ಮಾತಿನಲ್ಲಿ ಜಂಗು. ಅವತ್ತು ಒಡೆದ ಭಾಗ ಮಾತ್ರ ಹೊಸ ರೂಪಾಯಿಯಂತೆ ಹೊಳೆಯುತ್ತಿತ್ತು.

ಮೇಡಂ ಎಲ್ಲರನ್ನೂ ಹತ್ತಿರ ಕರೆದಳು. "ಬರ್ರಿ, ನೋಡ್ರಿ. ಹೊಳಿಯೋದು ಇವತ್ತಿಂದು. ಜಂಗು ಹತ್ತಿದ್ದು ಎಷ್ಟೋ ದಿನದ್ದು. ಒಂದು ರಾತ್ರಿ ಒಳಗ ಉಕ್ಕಿನ ಹೊಟ್ಟಿಗೆ ಇಷ್ಟು ಜಂಗು ಹತ್ತಲ್ಲ. ಆಯಿ ಕೆರಿಯೋಕಿಂತ ಭಾಳ ಮೊದಲೇ ಸೀಳೇದ."

ಹೆಣ್ಣಾಳುಗಳು ನೋಡಿದರು. ಬೆರಳಿಂದ ಮುಟ್ಟಿಯೂ ನೋಡಿದರು. ನನ್ನ ಸೊಸೆ ಹಿಂದೆ ನಿಂತು ನೋಡಿದಳು. ತಾನು ನಿಲ್ಲುತ್ತಿದ್ದ ಜಾಗದಿಂದ ಆ ಸೀಳು ಎಷ್ಟು ದೂರ ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಠೇಕೇದಾರ ತುಟಿ ಮಡಚಿ ಅಂದ: "ಆಯ್ತು, ಹಳೇದೇ ಇರಲಿ. ಆದ್ರ ಕುಂಕುಮ ಇರೋತನಕ ಹಿಡಕೊಂಡಿತ್ತಲ್ಲ?"

ಎಲ್ಲರೂ ಹೌದಲ್ಲ ಎಂಬಂತೆ ತಲೆ ಆಡಿಸಿದರು.

ಸೀಳನ್ನು ಮುಚ್ಚಿಟ್ಟದ್ದೇ ಆ ಬಣ್ಣ. ವರ್ಷ ವರ್ಷ ಬಂದವರು ಅದರ ಮೇಲೆಯೇ ಗುಂಡಿ ಇಟ್ಟು ಬರೋಬರಿ ಅಂದು ಹೋದರು. ಅದೇ ಬಣ್ಣ ಗಾಲಿಯನ್ನು ಹಿಡಿದಿತ್ತಂತೆ. ಇವರಿಗೆ ಯಾವ ಜಂಗು ತೋರಿಸಬೇಕು?

ಅಂಗಳದಲ್ಲಿ ಇಟ್ಟಿದ್ದ ಹೊಸ ಗಾಲಿಯನ್ನು ಮೇಡಂ ಎರಡೂ ಮುಖದಿಂದ ಪೂರ್ತಿ ನೋಡಿದಳು. ಬರೀ ಹುಲ್ಲು, ಸೀಳಿಲ್ಲ. ಅದನ್ನು ಕೂರಿಸಲು ಹೇಳಿ ತನ್ನ ಪೆಟ್ಟಿಗೆ ಕಟ್ಟಿದಳು. ಹೋಗುವ ಮುಂಚೆ ಸಾಹೇಬರಿಗೆ ಹೇಳಿದಳು: ಹೊಸ ಗಾಲಿಯ ಮುಖಕ್ಕೆ ಬಣ್ಣ ಬೇಡ, ತೆಳ್ಳಗೆ ಗ್ರೀಸು ಸಾಕು. ಅವರು ಹೂಂ ಎಂದರು. ನನಗೂ ಹೇಳಿದಳು: "ಆಯಿ, ಮುಂದಿನ ಸಲ ಯಾರೇ ಬರ್ಲಿ, ಮೊದಲನೇ ದಿನಾನೇ ಗಾಲಿ ಒಳಗಿಂದು ಕೇಳಿಸಬೇಕು. ಮುಖ ಬರೇ ಇರಲಿ."

"ನನ್ನ ಮಾತು ಇಲ್ಲಿ ಯಾರು ಕೇಳ್ತಾರ್ರಿ?"

"ಮಾತು ಬಿಡು. ಉಳಿ ಅದಲ್ಲ," ಎಂದು ನಕ್ಕು ಹೋದಳು. ನನಗೆ ನಗು ಬರಲಿಲ್ಲ.

ಹೊಸ ಗಾಲಿ ಕೂತ ಸಂಜೆ ಪೂಜೆ. ಮರುದಿನ ಮಧ್ಯಾಹ್ನ ಬೆಂಕಿ ಹಚ್ಚುವುದಿತ್ತು. ಠೇಕೇದಾರ ಬೆಳ್ಳಿ ಬಣ್ಣದ ಡಬ್ಬಿ ತರಿಸಿದ. ನಾನು ಸಾಹೇಬರ ಮುಂದೆ ನಿಂತು ಮೇಡಂ ಹೇಳಿದ್ದನ್ನು ನೆನಪು ಮಾಡಿದೆ. "ಒಂದು ಕೋಟ್‌ಗೆ ಏನಾಗ್ತದ?" ಎಂದರು. ಹಳೆಯ ಗಾಲಿಗೂ ಮೊದಲು ಒಂದೇ ಬಳಿದಿದ್ದರು. ಆ ಸಲ ಡಬ್ಬಿಯನ್ನೂ ನನ್ನ ಕೈಗೆ ಕೊಡಲಿಲ್ಲ. "ನೀ ಅತ್ತಾಗ ನಿಂದರು," ಎಂದ ಠೇಕೇದಾರ, "ನಿನ್ನ ಕೈ ಗುಣ ನೋಡೀವಿ." ಬಳಿದರು. ಪಟ್ಟೆ ಎಳೆದರು. ಕುಂಕುಮ ಇಟ್ಟರು, ಕಾಯಿ ಒಡೆದರು. ಸೊಸೆಯನ್ನೂ ನನ್ನ ಪಕ್ಕಕ್ಕೆ ದಬ್ಬಿದರು. ನಾವಿಬ್ಬರೂ ಟಂಟಂ ಹತ್ತಿ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಮೊದಲ ಟಂಟಂಗೇ ಹೋದೆ. ಸೊಸೆ ಯಾಕೆಂದು ಕೇಳದೆ ಹಿಂದೆ ಹತ್ತಿದಳು. ಪಾಳಿಯವರು ಗೇಟಿನಲ್ಲಿ ಚಹಾ ಕುಡಿಯುತ್ತಿದ್ದರು. ಎರಡನೆಯ ಕಂಬ ಹತ್ತಿ, ಜಾಲಿ ಸರಿಸಿ, ಉಳಿ ಹಚ್ಚಿದೆ. ಬಣ್ಣ ಇನ್ನೂ ಹಸಿ ಇತ್ತು, ಕೆನೆಯಂತೆ ಸುರುಳಿ ಸುರುಳಿಯಾಗಿ ಎದ್ದಿತು. ಕುಂಕುಮವೂ ಅದರ ಜತೆಗೇ ಬಂತು. ಅಷ್ಟರಲ್ಲಿ ಕೆಳಗೆ ಮಂದಿ ಕೂಡಿದರು, ಠೇಕೇದಾರ ಮೆಟ್ಟಿಲ ಬುಡದಲ್ಲಿ ನಿಂತು ಬೈಯತೊಡಗಿದ. ನಾನು ತಿರುಗಿ ನೋಡಲಿಲ್ಲ. ಮುಖ ಒರೆಸಿ ಗ್ರೀಸು ಹಚ್ಚಲು ಕೈ ಹಾಕಿದಾಗ ಸೊಸೆ ಪಕ್ಕದಲ್ಲಿ ನಿಂತು, ಗ್ರೀಸಿನ ಡಬ್ಬಿ ಹಿಡಿದುಕೊಂಡು, ಅವನಿಗೆ ಕೇಳುವಷ್ಟು ಜೋರಾಗಿ ಅಂದಳು:

"ಅತ್ತಿ, ಈ ಕಡೆ ಇನ್ನೂ ಉಳದದ ನೋಡು."

ಅದನ್ನೂ ಕೆರೆದೆ.